ಅಂಟತ್ತೆ ಆರಿಸಿದ ಪುಸ್ತಕಗಳು

ಬೀದಿಯಿಂದ ಎರಡು ಮೆಟ್ಟಿಲು ಕೆಳಗಿಳಿದರೆ ಅವಳ ಅಂಗಡಿ. ಒಳಗೆ ಒಂದು ಉದ್ದನೆಯ ಮೇಜು, ಗೋಡೆಗೊರಗಿದ ಕಬ್ಬಿಣದ ಒತ್ತುಯಂತ್ರ, ರಟ್ಟು ಕತ್ತರಿಸುವ ಅಲಗು, ಮೊಳೆಗೆ ನೇತುಹಾಕಿದ ದಾರದ ಲಡಿಗಳು, ಸದಾ ಹಸಿಯಾಗಿರುವ ಅಂಟಿನ ಡಬ್ಬಿ. ಕಿಟಕಿಯಿಂದ ಕಾಣುವುದು ಹೋಗಿಬರುವವರ ಕಾಲು ಮಾತ್ರ. ಚಪ್ಪಲಿ ನೋಡಿಯೇ ಇಂಥವರು ಬಂದರು ಎಂದು ಹೇಳುವಷ್ಟು ವರ್ಷ ಅವಳು ಅಲ್ಲಿ ಕೂತಿದ್ದಳು. ಕಿತ್ತುಹೋದ ಪುಸ್ತಕ ಬಿಚ್ಚಿ, ಹೊಲಿದು, ಮತ್ತೆ ರಟ್ಟು ಕಟ್ಟಿ ಕೊಡುವ ಕೆಲಸ. ಅಪ್ಪ ಕಲಿಸಿದ್ದು.

ಬೆರಳ ತುದಿಯಲ್ಲಿ ಯಾವಾಗಲೂ ಒಣಗಿದ ಅಂಟಿನ ಸಿಪ್ಪೆ ಇರುತ್ತಿದ್ದರಿಂದ ಎದುರಿನ ಚರ್ಚಿನ ಮಕ್ಕಳು ಅವಳಿಗೆ ಅಂಟತ್ತೆ ಎಂದು ಹೆಸರಿಟ್ಟಿದ್ದರು. ಅವಳೇನೂ ಬೇಸರಪಟ್ಟುಕೊಳ್ಳಲಿಲ್ಲ. ಬಸ್ ಕಂಡಕ್ಟರನಾಗಿದ್ದ ಗಂಡನೂ ಹಾಗೇ ಕರೆಯಲು ಶುರುಮಾಡಿದಾಗ ಮಾತ್ರ, "ಕಟ್ಟಿಕೊಂಡವಳನ್ನ ಅತ್ತೆ ಅನ್ನೋ ಗಂಡಸು ಭೂಮಿ ಮೇಲೆ ನೀನೊಬ್ನೇ" ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದಳು.

ವರ್ಷಕ್ಕೊಮ್ಮೆ, ಶಾಲೆಗಳಿಗೆ ರಜೆ ಬಿಟ್ಟಾಗ, ಚರ್ಚಿನ ಸಂಡೇ ಸ್ಕೂಲಿನ ಕಪಾಟು ಖಾಲಿಯಾಗಿ ಅವಳ ಮೇಜಿನ ಮೇಲೆ ಬಂದು ಬೀಳುತ್ತಿತ್ತು. ನಲವತ್ತು ದಪ್ಪ ಬೈಬಲುಗಳು, ಜೊತೆಗೆ ಯಾರ್ಯಾರೋ ದಾನ ಕೊಟ್ಟ ಒಂದಿಷ್ಟು ಚಿತ್ರದ ಕಥೆಪುಸ್ತಕಗಳು. ಅಂಟತ್ತೆ ಓದುವವಳಲ್ಲ, ಆದರೆ ಪುಸ್ತಕಗಳ ಕೊಳೆಯನ್ನು ಚೆನ್ನಾಗಿ ಓದುತ್ತಿದ್ದಳು. ಮೂಲೆ ನೆನೆದು ಮೆತ್ತಗಾಗಿದ್ದರೆ ಹಲ್ಲು ಬರುತ್ತಿರುವ ಮಗು ಅಗಿದದ್ದು. ಪ್ರಳಯದಲ್ಲಿ ಪ್ರಾಣಿಗಳನ್ನೆಲ್ಲ ಹತ್ತಿಸಿಕೊಂಡ ನಾವೆಯ ಪುಟ ಮಾತ್ರ ಕಿತ್ತುಬಂದಿದ್ದರೆ ನಾಲ್ಕು ವರ್ಷದ್ದು, ಆನೆ ನೋಡಿ ನೋಡಿ ಸವೆಸಿದ್ದು. ದಪ್ಪ ಬೈಬಲುಗಳ ಕಥೆಯೇ ಬೇರೆ. ಅವುಗಳ ಅಂಚಿನ ಕೊಳೆ ಆದಿಕಾಂಡದಿಂದ ಹೊರಟು, ಸಮುದ್ರ ದಾಟಿ, ಬರೀ ವಿಧಿನಿಯಮಗಳೇ ತುಂಬಿದ ಯಾಜಕಕಾಂಡದ ಬಾಗಿಲಲ್ಲಿ ನಿಂತುಬಿಡುತ್ತಿತ್ತು. ಅಲ್ಲಿಂದ ಮುಂದೆ ಹೊಸ ಕಾಗದದ ಹಾಗೆ ಬೆಳ್ಳಗೆ. ನಲವತ್ತರಲ್ಲಿ ಮೂವತ್ತೈದಕ್ಕೆ ಇದೇ ಗತಿ. ಬೆನ್ನು ಮುರಿದಿದ್ದರೆ ಅದು ಓದಿ ಅಲ್ಲ, ನೆಲಕ್ಕೆ ಬೀಳಿಸಿ.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೊಲಿಯುವುದು ತನ್ನ ಕೆಲಸ, ಆರಿಸುವುದು ಮೇಷ್ಟ್ರ ಕೆಲಸ. ಮೇಷ್ಟ್ರೆಂದರೆ ಸಂಡೇ ಸ್ಕೂಲಿನ ಮುಖ್ಯಸ್ಥರು, ಮೂವತ್ತು ವರ್ಷ ಗಣಿತ ಹೇಳಿ ನಿವೃತ್ತರಾದವರು. ನಾಲ್ಕು ವರ್ಷದ ಕೂಸಿರಲಿ, ಹದಿನಾಲ್ಕರ ಹುಡುಗನಿರಲಿ, ಎಲ್ಲರ ಕೈಗೂ ಅವರು ಅದೇ ದಪ್ಪ ಪುಸ್ತಕ ಕೊಡುತ್ತಿದ್ದರು. "ದೇವರು ಒಬ್ಬನೇ, ಪುಸ್ತಕವೂ ಒಂದೇ" ಎಂದರೆ ಮುಗಿಯಿತು. ಅವರ ಮಾತಿಗೆ ಎದುರಾಡುವ ಗುಂಡಿಗೆ ಯಾರಿಗೂ ಇರಲಿಲ್ಲ.

ಅಂಥ ಒಂದು ರಜೆಯಲ್ಲಿ, ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಬಿಳಿ ಬೂಟು ಕಾಣಿಸಿತು. ಆಸ್ಪತ್ರೆಯ ನರ್ಸು. ಅವಳ ಮಗಳು ಸಂಡೇ ಸ್ಕೂಲಿನ ಆರು ವರ್ಷದವರ ಗುಂಪಿನಲ್ಲಿದ್ದಳು. ನರ್ಸು ಚೀಲದಿಂದ ಒಂದು ಕಥೆಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು.

"ಕಪಾಟಿನ ಪುಸ್ತಕ ಅತ್ತೆ, ರಜೆಗೆ ಮುಂಚೆ ವಾರಕ್ಕೆ ಅಂತ ತಂದಿದ್ವಿ. ಎರಡು ಪುಟ ಅಂಟ್ಕೊಂಡ್ಬಿಟ್ಟಿದೆ. ಏನು ಚೆಲ್ಲಿದ್ಲೋ ಏನೋ, ಕೇಳಿದ್ರೆ ಬಾಯಿ ಬಿಡಲ್ಲ. ಮೇಷ್ಟ್ರ ಕಣ್ಣಿಗೆ ಬೀಳೋ ಮುಂಚೆ ಬಿಡಿಸಿಕೊಡ್ತೀರಾ?"

"ಅಯ್ಯೋ, ಅದೇನು ಮಹಾ. ನಾಳೆ ಬಾ" ಎಂದಳು ಅಂಟತ್ತೆ.

ನರ್ಸು ಹೋದ ಮೇಲೆ ಕೆಟಲಿನಲ್ಲಿ ನೀರು ಕಾಯಿಸಿ, ಪುಸ್ತಕದ ಅಂಚನ್ನು ಹಬೆಗೆ ಹಿಡಿದಳು. ಒಂದು ಮೂಲೆ ಮೆತ್ತಗಾಗಿ ಬಿಟ್ಟುಕೊಂಡಿತು. ಪುಟ ಬಿಡಿಸುವ ತೆಳ್ಳನೆಯ ಮೂಳೆಪಟ್ಟಿಯನ್ನು ಒಳಗೆ ತೂರಿಸಿದವಳು ಹಾಗೇ ನಿಂತಳು. ಏನಾದರೂ ಚೆಲ್ಲಿದ್ದರೆ ಕಲೆ ಎಲ್ಲೆಂದರಲ್ಲಿ ಹರಡಬೇಕಿತ್ತು. ಇಲ್ಲಿ ಹಿಟ್ಟಿನ ಅಂಟನ್ನು ಪುಟದ ಮೂರೂ ಅಂಚಿಗೆ ಗೆರೆ ಎಳೆದ ಹಾಗೆ ಬಳಿಯಲಾಗಿತ್ತು. ಮೇಲಿನಿಂದ ಉಗುರಿನಲ್ಲಿ ಒತ್ತಿದ ಗುರುತು ಬೇರೆ. ನಲವತ್ತು ವರ್ಷದ ಕಸುಬಿನವಳಿಗೆ ಕೈಗೆಲಸ ಯಾವುದು, ಅಚಾತುರ್ಯ ಯಾವುದು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಯಾರೋ ಪುಟ್ಟ ಕೈಯವರು ಬೇಕೆಂದೇ, ಉಸಿರು ಬಿಗಿಹಿಡಿದು ಮಾಡಿದ ಕೆಲಸ ಅದು.

ಬಿಟ್ಟುಕೊಂಡ ಮೂಲೆಯಿಂದ ಒಳಗೆ ಇಣುಕಿದಳು. ಬೆಟ್ಟದ ಮೇಲೆ ಒಂದು ಕಲ್ಲಿನ ಕಟ್ಟೆ, ಕೈ ಕಟ್ಟಿಸಿಕೊಂಡು ಮಲಗಿದ ಹುಡುಗ, ಎತ್ತಿದ ಕೈಯಲ್ಲಿ ಕತ್ತಿ ಹಿಡಿದ ಅವನಪ್ಪ. ದೇವರ ಮಾತಿಗೆ ಮಗನನ್ನೇ ಬಲಿಕೊಡಲು ಹೊರಟ, ಕೊನೇ ಗಳಿಗೆಯಲ್ಲಿ ದೇವರೇ ತಡೆದ ಅಬ್ರಹಾಮನ ಕಥೆ. ಚಿತ್ರ ಬರೆದವನು ಕತ್ತಿಗೆ ಬಹಳ ಮುತುವರ್ಜಿಯಿಂದ ಹೊಳಪು ಕೊಟ್ಟಿದ್ದ. ಅಂಟತ್ತೆ ಕೆಟಲನ್ನು ಒಲೆಯಿಂದ ಇಳಿಸಿದಳು.

ಮರುದಿನ ನರ್ಸು ಬಂದಾಗ, "ಪುಸ್ತಕ ಆಮೇಲೆ. ಮೊದಲು ಮಗುನ ಕರ್ಕೊಂಡು ಬಾ" ಎಂದಳು.

ಸಂಜೆ ಹುಡುಗಿ ಬಂದಳು. ಎರಡು ಜುಟ್ಟು, ಮುಂದಿನ ಹಲ್ಲೊಂದು ಇಲ್ಲ. ಮೇಜಿನ ಮೇಲಿದ್ದ ಪುಸ್ತಕ ನೋಡಿದ್ದೇ ತಡ, ಅಮ್ಮನ ಬೆನ್ನ ಹಿಂದೆ ಸರಿದಳು.

"ಇದನ್ನ ಅಂಟಿಸಿದ್ದು ನೀನಾ? ಎಷ್ಟು ನೀಟಾಗಿದೆ ಗೊತ್ತಾ? ಒಂದು ಚೂರೂ ಹೊರಗೆ ಬಂದಿಲ್ಲ. ನಾನು ಕಲಿಯೋವಾಗ ಕೈ ತುಂಬಾ ಮೆತ್ಕೊಳ್ತಿದ್ದೆ" ಎಂದಳು ಅಂಟತ್ತೆ.

ಹುಡುಗಿ ಅರ್ಧ ಮುಖ ಹೊರಗೆ ಹಾಕಿದಳು. "ಬೈತೀರಾ?"

"ನಾನ್ಯಾಕೆ ಬೈಲಿ? ಅಂಟಿಸೋದೇ ನನ್ನ ಕೆಲಸ."

ಹುಡುಗಿ ಅಮ್ಮನ ಹಿಂದಿನಿಂದ ಈಚೆ ಬಂದು ಹೇಳಿದಳು, "ಅದ್ರೊಳಗೆ ಒಬ್ರು ಅಪ್ಪ ಇದ್ದಾರೆ. ಕತ್ತಿ ಹಿಡ್ಕೊಂಡಿದ್ದಾರೆ. ಹೊರಗೆ ಬರ್ಬಾರ್ದು ಅಂತ ಅಂಟಿಸ್ದೆ." ಆಮೇಲೆ ಅವಳ ತುಟಿ ಅದುರಿತು. "ಆದ್ರೆ ಆ ಹುಡುಗನೂ ಒಳಗೇ ಉಳಿದುಬಿಟ್ಟ. ಅದು ನಂಗೆ ಆಮೇಲೆ ಗೊತ್ತಾಯ್ತು."

ನರ್ಸಿನ ಕೈ ತಾನಾಗಿಯೇ ಬಾಯಿಗೆ ಹೋಯಿತು. ಅಂಟತ್ತೆ ಪುಸ್ತಕ ಎಳೆದುಕೊಂಡು, ಅಂಟಿಸಿದ ಪುಟಗಳನ್ನು ಒಟ್ಟಿಗೇ ಹಿಡಿದು, ಅದರ ಮುಂದಿನ ಪುಟ ತೆರೆದಳು.

"ಇಲ್ಲಿ ಬಾ. ಇದ್ಯಾರು ನೋಡು."

ಆ ಪುಟದಲ್ಲಿ ಬೆಟ್ಟದಿಂದ ಇಬ್ಬರು ಇಳಿದುಬರುತ್ತಿದ್ದರು. ಅಪ್ಪನ ಕೈ ಮಗನ ಹೆಗಲ ಮೇಲಿತ್ತು. ಹುಡುಗಿ ಮೂಗು ತಾಗುವಷ್ಟು ಬಗ್ಗಿ ನೋಡಿದಳು.

"ಇದು ಅದೇ ಹುಡುಗನಾ?"

"ಅಂಗಿ ನೋಡು. ಪಟ್ಟೆ ಪಟ್ಟೆ ಇದೆ ಅಲ್ವಾ?"

"ಅವನದ್ದೂ ಪಟ್ಟೆ ಅಂಗಿನೇ!" ಹುಡುಗಿ ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡಳು. "ಅಂದ್ರೆ ಅವನು ಆಗ್ಲೇ ಹೊರಗೆ ಬಂದಿದ್ದಾನೆ."

"ಬಂದು ಎಷ್ಟೋ ದಿನ ಆಯ್ತು. ಈಗ ಹೇಳು, ಇದನ್ನ ಬಿಡಿಸ್ಲಾ?"

"ಬೇಡ. ಹಾಗೇ ಇರ್ಲಿ."

"ಅಯ್ಯೋ, ದೇವರ ಪುಸ್ತಕ ಅತ್ತೆ. ಮೇಷ್ಟ್ರು ಏನಂತಾರೆ?" ಎಂದಳು ನರ್ಸು.

"ಹರಿದಿಲ್ವಲ್ಲ, ಮುಚ್ಚಿದ್ದಾಳೆ ಅಷ್ಟೆ" ಎಂದ ಅಂಟತ್ತೆ, ತಾನು ಹಬೆಯಲ್ಲಿ ಬಿಡಿಸಿದ್ದ ಮೂಲೆಗೆ ಹುಡುಗಿಯ ಕೈಯಿಂದಲೇ ಮತ್ತೆ ಅಂಟು ಬಳಿಸಿದಳು.

ಮೇಷ್ಟ್ರು ಎರಡೇ ದಿನಕ್ಕೆ ಬಂದರು. ಯಾರು ಕಿವಿ ಊದಿದರೋ ಗೊತ್ತಿಲ್ಲ. ಮೆಟ್ಟಿಲಿಳಿಯುವಾಗಲೇ ಧ್ವನಿ ಏರಿತ್ತು. "ಏನಮ್ಮಾ, ಬೈಬಲಿನ ಕಥೆಗೇ ಬಾಗಿಲು ಹಾಕಿದ್ರಂತೆ?"

ಅಂಟತ್ತೆ ನಲವತ್ತು ದಪ್ಪ ಬೈಬಲುಗಳನ್ನು ಮೇಜಿನ ಮೇಲೆ ಸಾಲಾಗಿ ಅಂಚು ಕಾಣುವಂತೆ ಜೋಡಿಸಿದಳು. "ಇಲ್ಲಿ ನೋಡಿ ಮೇಷ್ಟ್ರೇ. ಕಪ್ಪಗಿರೋದು ಮಕ್ಕಳ ಕೈ ಓಡಾಡಿದ್ದು. ಬೆಳ್ಳಗಿರೋದು ಮುಟ್ಟದೇ ಇದ್ದಿದ್ದು."

ಮೇಷ್ಟ್ರು ಕನ್ನಡಕ ಏರಿಸಿ ಬಗ್ಗಿದರು. ಒಂದೊಂದಾಗಿ ಎಲ್ಲವನ್ನೂ ನೋಡಿದರು. ಕಪ್ಪು ಎಲ್ಲಿ ನಿಂತಿದೆ ಎಂದು ಬೆರಳಿನಿಂದ ಅಳೆದರು. ಅವರ ಧ್ವನಿಯ ಏರು ಇಳಿಯುತ್ತ ಬಂತು.

"ಹೆಚ್ಚುಕಮ್ಮಿ ಎಲ್ಲಾ ಒಂದೇ ಕಡೆ ನಿಂತಿವೆಯಲ್ರೀ."

"ಪ್ರತಿ ವರ್ಷ ಅಲ್ಲೇ ನಿಲ್ತಾವೆ. ನೀವು ಒಂದನೇ ಕ್ಲಾಸಿನವ್ರಿಗೆ ಪ್ರಮೇಯ ಹೇಳ್ತಿದ್ರಾ ಮೇಷ್ಟ್ರೇ?"

ಅವರು ಸ್ಟೂಲಿನ ಮೇಲೆ ಕುಳಿತರು. "ಹಾಗಾದ್ರೆ ಈ ವರ್ಷ ಪುಸ್ತಕ ನೀವೇ ಆರಿಸಿ" ಎಂದರು. ಅದರಲ್ಲಿ ಸ್ವಲ್ಪ ಕೋಪ ಇತ್ತು, ಸ್ವಲ್ಪ ನಿಜವೂ ಇತ್ತು.

ಅಂಟತ್ತೆ ಜನ್ಮದಲ್ಲಿ ಒಂದು ಪುಸ್ತಕ ಕೊಂಡವಳಲ್ಲ. ಪುಸ್ತಕದಂಗಡಿಯಲ್ಲಿ ಎರಡು ದಿನ ಮೋಟುಕುರ್ಚಿಯ ಮೇಲೆ ಕೂತು, ತನಗೆ ತಿಳಿದ ರೀತಿಯಲ್ಲಿ ನೋಡಿದಳು. ಮೂಲೆ ದುಂಡಗಿದೆಯೇ, ಹೊಲಿಗೆ ಇದೆಯೇ ಬರೀ ಅಂಟೇ, ಬಣ್ಣ ಒದ್ದೆ ಬೆರಳಿಗೆ ಹತ್ತುತ್ತದೆಯೇ. ಹೆದರಿಸುವ ಚಿತ್ರವಿದ್ದರೆ ಹೆದರಿಕೆ ಅದೇ ಪುಟದಲ್ಲಿ ತೀರುತ್ತದೆಯೇ, ಪುಟ ತಿರುವುವ ತನಕ ಮಗು ಕಾಯಬೇಕೇ. ಮಾದರಿಗೆಂದು ಕೆಲವನ್ನು ಮನೆಗೂ ತಂದಳು. ಕಂಡಕ್ಟರ್ ಗಂಡ ಅವನ್ನು ಸ್ಟಾಪಿನ ಹೆಸರು ಕೂಗುವ ರಾಗದಲ್ಲಿ ಗಟ್ಟಿಯಾಗಿ ಓದಿದ. ಒಂದು ವಾಕ್ಯದ ನಡುವೆ ಉಸಿರು ಕಟ್ಟಿದರೆ, "ಇದು ಚಿಕ್ಕವರಿಗಲ್ಲ, ಮುಂದಿನ ಬಸ್ಸು" ಎಂದು ಪಕ್ಕಕ್ಕಿಟ್ಟ.

ಚಿಕ್ಕವರ ಪುಸ್ತಕಗಳು ಎಲ್ಲರಿಗೂ ಹಿಡಿಸಿದವು. ಎಡವಿದ್ದು ಒಂಬತ್ತು ವರ್ಷದವರಲ್ಲಿ. ನರ್ಸಿನ ಮಗಳ ಅದುರಿದ ತುಟಿ ಅಂಟತ್ತೆಯ ಕಣ್ಣಿಗೆ ಕಟ್ಟಿತ್ತು. ಹಾಗಾಗಿ ದೊಡ್ಡ ಮಕ್ಕಳಿಗೂ ಕತ್ತಿಯಿಲ್ಲದ, ಕಣ್ಣೀರಿಲ್ಲದ, ಎಲ್ಲರೂ ಗುಂಡುಮುಖದಲ್ಲಿ ನಗುವ ಪುಸ್ತಕವನ್ನು ಆರಿಸಿದ್ದಳು. ಮೊದಲ ಭಾನುವಾರವೇ ಐದಾರು ಮಕ್ಕಳು ಅವಳ ಅಂಗಡಿಗೇ ದಂಡೆತ್ತಿ ಬಂದರು.

"ಅಂಟತ್ತೆ, ಇದ್ರಲ್ಲಿ ಆ ದೈತ್ಯ ಗೊಲ್ಯಾತ ಕಲ್ಲೇಟು ತಿಂದ ಮೇಲೂ ನಗ್ತಾನೆ!"

"ಪ್ರಳಯದಲ್ಲಿ ಎಲ್ರೂ ಈಜಾಡ್ತಿದ್ದಾರೆ!"

"ನಾವೇನು ಪಾಪುಗಳಾ?"

ಬಾಗಿಲ ಬಳಿ ನಿಂತಿದ್ದ ಮೇಷ್ಟ್ರು ಹೊಟ್ಟೆ ಹಿಡಿದು ನಕ್ಕರು. ಅವರು ಹಾಗೆ ನಕ್ಕದ್ದನ್ನು ಯಾರೂ ನೋಡಿರಲಿಲ್ಲ. ಅಂಟತ್ತೆಯ ಮುಖ ಕೆಂಪಾಯಿತು. ಆಮೇಲೆ ಅವಳೂ ನಕ್ಕು, "ತಪ್ಪಾಯ್ತು ಕಣ್ರಪ್ಪಾ, ಕೊಡಿ ವಾಪಸ್" ಎಂದಳು. ಈ ಸಲ ಪುಸ್ತಕದಂಗಡಿಗೆ ಅವಳೂ ಮೇಷ್ಟ್ರೂ ಇಬ್ಬರೂ ಹೋದರು. ಒಂಬತ್ತರವರಿಗೆ ಕಥೆಯ ಭಯವನ್ನೂ ದುಃಖವನ್ನೂ ಬಿಡದ, ಆದರೆ ದಪ್ಪಕ್ಷರದ ಪುಸ್ತಕ ಸಿಕ್ಕಿತು. ಹನ್ನೆರಡು ತುಂಬಿದವರಿಗೆ ದಪ್ಪ ಬೈಬಲೇ ಇರಬೇಕೆಂದು ಮೇಷ್ಟ್ರು ಪಟ್ಟು ಹಿಡಿದರು. "ಆ ವಯಸ್ಸಿಗೆ ದೊಡ್ಡವರದ್ದೇ ಬೇಕು ಅಂತ ಅವ್ರಿಗೂ ಅನ್ಸುತ್ತೆ" ಎಂದರು. ಆ ಮಾತು ಸರಿಯಾಗಿತ್ತು. ಮುಂದಿನ ವರ್ಷ ಆ ಬೈಬಲುಗಳ ಕಪ್ಪು ಅಂಚು ಯಾಜಕಕಾಂಡವನ್ನು ಹಾರಿ ಗೊಲ್ಯಾತನನ್ನು ಹೊಡೆದ ದಾವೀದನ ಕಥೆಯಲ್ಲಿ ಮತ್ತೆ ಎದ್ದಿತ್ತು.

ನರ್ಸಿನ ಮಗಳಿಗೆ ಹನ್ನೆರಡಾದಾಗ ಅವಳಿಗೂ ಒಂದು ಸಿಕ್ಕಿತು. ಒಂದು ಮಧ್ಯಾಹ್ನ ಅದನ್ನು ಎದೆಗವಚಿಕೊಂಡು ಅಂಗಡಿಗೆ ಬಂದಳು. ಮೇಷ್ಟ್ರು ಅಲ್ಲೇ ಸ್ಟೂಲಿನ ಮೇಲಿದ್ದರು.

"ಆ ಬೆಟ್ಟದ ಕಥೆ ಓದಿದೆ. ಒಂದೇ ಪುಟ ಇರೋದು, ಚಿತ್ರನೂ ಇಲ್ಲ. ಒಂದು ಕೇಳ್ಲಾ? ಬೆಳಿಗ್ಗೆ ಎದ್ದು ಹೊರಡೋವಾಗ ಅವ್ರು ಆ ಹುಡುಗನ ಅಮ್ಮನಿಗೆ ಹೇಳಿ ಹೋದ್ರಾ?"

ಅಂಟತ್ತೆ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಬೈಬಲ್ ತೆಗೆದುಕೊಂಡು ಆ ಭಾಗವನ್ನು ಮೊದಲಿಂದ ಕೊನೆಯವರೆಗೆ ಓದಿದರು.

"ಬರೆದಿಲ್ಲಮ್ಮ. ಐವತ್ತು ವರ್ಷದಿಂದ ಓದ್ತಿದ್ದೀನಿ, ಇದು ನಂಗೆ ಹೊಳೆದೇ ಇರ್ಲಿಲ್ಲ."

"ಹೇಳಿರಲ್ಲ. ಹೇಳಿದ್ರೆ ಬಿಡ್ತಿರ್ಲಿಲ್ಲ" ಎಂದಳು ಹುಡುಗಿ. ಮೇಷ್ಟ್ರು ಪುಸ್ತಕ ಮುಚ್ಚಿ ಅವಳ ಕೈಗೆ ಕೊಟ್ಟರು. ಆಮೇಲೆ ಅವಳು ಶಾಲೆಯ ಸುದ್ದಿ ಹೇಳತೊಡಗಿದಳು.

ಈಗ ಅಂಟತ್ತೆಗೆ ಮಂಡಿನೋವು. ಭಾನುವಾರ ಆರಾಧನೆ ಮುಗಿದ ಮೇಲೆ ಒಂದು ಗಂಟೆ ಸಂಡೇ ಸ್ಕೂಲಿನ ಕಪಾಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ತಂದೆತಾಯಿ ಬಂದು, ಮಗುವಿಗೆ ಏಳು ವರ್ಷ, ಯಾವುದು ಕೊಡ್ತೀರಿ ಎಂದು ಕೇಳಿದರೆ, ಕುರ್ಚಿಯಿಂದ ಏಳುವುದೇ ಇಲ್ಲ. "ಏಳು ವರ್ಷ ಸರಿ. ಮಗು ಎಲ್ಲಿ?" ಎನ್ನುತ್ತಾಳೆ. ಹೊರಗೆ ಆಟವಾಡುತ್ತಿದ್ದ ಮಗು ಮುಖ ಸಿಂಡರಿಸಿಕೊಂಡು ಬರುತ್ತದೆ. ಅಂಟತ್ತೆ ಮೂರು ಪುಸ್ತಕ ಮುಂದಿಟ್ಟು ಸುಮ್ಮನಾಗುತ್ತಾಳೆ. ಅಪ್ಪ ದಪ್ಪನೆಯದರ ಕಡೆ ಕಣ್ಣು ಮಾಡುತ್ತಾನೆ, ಅಮ್ಮ ಅಂದವಾದದ್ದರ ಕಡೆ. ಮಗು ಮೂರನ್ನೂ ತಿರುವಿ, ಒಂದರ ಯಾವುದೋ ಪುಟದಲ್ಲಿ ನಿಂತು, ಹೊರಗಿನ ಆಟ ಮರೆತು ನೆಲದ ಮೇಲೆ ಕೂತುಬಿಡುತ್ತದೆ.