ಹುಚ್ಚರಾಯಪ್ಪನ ಉಪ್ಪುಗಳ್ಳತನ

ತಾಳಗುಂದದಲ್ಲಿ ನಮ್ಮ ಪಕ್ಕದ ಮನೆಯ ಹುಚ್ಚರಾಯಪ್ಪ ಐವತ್ತೆಂಟನೇ ಇಸವಿಯಲ್ಲಿ ಕಳ್ಳನಾದ. ಕದ್ದದ್ದು ಉಪ್ಪು, ಅದೂ ತನ್ನದೇ ಮನೆಯಲ್ಲಿ. ನಗಬೇಡಿ, ಊರೆಲ್ಲ ಆಗಲೇ ನಕ್ಕಾಗಿದೆ.

ಗಟ್ಟಿಮುಟ್ಟಾದ ಆಸಾಮಿ ಆ ವರ್ಷ ಸೊರಗುತ್ತ ಬಂದ. ಮೈ ಕಪ್ಪಿಟ್ಟಿತು, ಬಿಸಿಲು ಕಾಣದ ಒಸಡು ಕೂಡ ಕಪ್ಪಾಯಿತು. ಕೂತಲ್ಲಿಂದ ಎದ್ದರೆ ಕಣ್ಣು ಕತ್ತಲೆ. ಬಳ್ಳಿಗಾವಿ ಕಡೆಯ ನಾಟಿ ವೈದ್ಯರೊಬ್ಬರು ನಾಡಿ ಹಿಡಿದು ನೋಡಿ, ಬೇರು ಅರೆದು ಕೊಟ್ಟು, ಪಥ್ಯ ಹೇಳಿದರು: ಉಪ್ಪು ಮುಟ್ಟುವಂತಿಲ್ಲ. ನಮ್ಮ ಕಡೆ ಮದ್ದಿಗಿಂತ ಪಥ್ಯಕ್ಕೇ ಮರ್ಯಾದೆ ಹೆಚ್ಚು. ಪಥ್ಯ ಕೆಟ್ಟರೆ ಮದ್ದು ತಿರುಗಿ ಬಡಿಯುತ್ತದೆ ಎನ್ನುತ್ತಾರೆ. ಅವನ ಹೆಂಡತಿ ಮೂಕಮ್ಮನಿಗೆ ಅಷ್ಟು ಸಾಕಾಯಿತು. ಗಂಡ ಉಳಿಯಬೇಕಾದರೆ ಉಪ್ಪು ಹೋಗಬೇಕು. ಹೆಸರಿಗಷ್ಟೇ ಮೂಕಮ್ಮ, ಕೇರಿಗೆಲ್ಲ ಸಾರಿ, ಯಾರ ಮನೆಯಲ್ಲೂ ಅವನಿಗೆ ಉಪ್ಪಿನಕಾಯಿಯ ಹೋಳೂ ಸಿಗದ ಹಾಗೆ ಮಾಡಿದಳು.

ಅವನಿಗೋ ಸಿಹಿ ಬೇಡ, ಖಾರ ಬೇಡ, ಉಪ್ಪೊಂದೇ ಬೇಕು. ಕೊಟ್ಟಿಗೆಯ ದಾರಿ ಹಿಡಿದ. ಎತ್ತುಗಳ ಹಿಂಡಿಗೆ ಕಲಸುವ ಕಲ್ಲುಪ್ಪಿನ ಮಡಕೆ ಅಲ್ಲಿತ್ತು. ಸಗಣಿ ಬಾಚುತ್ತೇನೆಂದು ಹೋದವನು ಕೆನ್ನೆ ಉಬ್ಬಿಸಿಕೊಂಡು ಬರುತ್ತಿದ್ದ. ಯಾವತ್ತೂ ಸಗಣಿ ಮುಟ್ಟದ ಗಂಡಸು ಕೊಟ್ಟಿಗೆಯನ್ನು ದೇವಸ್ಥಾನದಷ್ಟು ಚೊಕ್ಕಟವಾಗಿಟ್ಟರೆ ಯಾವ ಹೆಂಡತಿಗೆ ತಾನೇ ಅನುಮಾನ ಬರುವುದಿಲ್ಲ? ಮೂಕಮ್ಮ ಹುಲ್ಲಿನ ಮೆದೆಯ ಹಿಂದೆ ಅಡಗಿ ಕೂತಳು. ಗಂಡ ಗೋದಲಿಗೆ ಬಾಯಿ ಹಾಕಿ ಹಿಂಡಿ ನೆಕ್ಕುತ್ತಿದ್ದ. ಎತ್ತು ಅವನ ತಲೆ ನೆಕ್ಕುತ್ತಿತ್ತು. ಅವಳು ಮಡಕೆಯನ್ನೇ ಎತ್ತಿ ಸೊರಬದ ತವರಿಗೆ ಸಾಗಿಸಿಬಿಟ್ಟಳು. ಅವತ್ತಿನಿಂದ ಎತ್ತುಗಳಿಗೂ ಪಥ್ಯ ಶುರುವಾಯಿತು.

ಅದೇ ವಾರ ಹುಚ್ಚರಾಯಪ್ಪ ವಾಂತಿ ಮಾಡಿಕೊಂಡು ನೇಗಿಲ ಹಿಂದೆಯೇ ಬಿದ್ದ. ಗಾಡಿಯಲ್ಲಿ ಶಿಕಾರಿಪುರ, ಅಲ್ಲಿಂದ ಬಸ್ಸಿನಲ್ಲಿ ಶಿವಮೊಗ್ಗ. ನಾನೂ ಜೊತೆಗೆ ಹೋದೆ. ಆಸ್ಪತ್ರೆಯಲ್ಲಿ ಅವನ ನರಕ್ಕೆ ಇಳಿಸಿದ್ದು ಉಪ್ಪುನೀರು, ಜೊತೆಗೆ ಕಾರ್ಟಿಸೋನ್ ಎಂಬ ಔಷಧಿ. ಬಾಟಲಿಯಲ್ಲಿರುವುದು ಏನೆಂದು ತಿಳಿದದ್ದೇ ಮೂಕಮ್ಮ ಹೌಹಾರಿ ಸೂಜಿ ಕೀಳಲು ಹೋದಳು. ಪಥ್ಯ ಕೆಡುತ್ತದಲ್ಲ!

ಡಾಕ್ಟರು ಅವಳನ್ನು ಕೂರಿಸಿ ಬಿಡಿಸಿ ಹೇಳಿದರು. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯ ಹಾಗೆ ಒಂದೊಂದು ಗ್ರಂಥಿಯಿದೆ. ಕೊಲೆಸ್ಟರಾಲ್ ಎಂಬ ಜಿಡ್ಡಿನಿಂದ ಅವು ಹಾರ್ಮೋನುಗಳನ್ನು ತಯಾರಿಸುತ್ತವೆ. ಮೈಯಲ್ಲಿ ಉಪ್ಪನ್ನು ಹಿಡಿದಿಡುವುದು ಆ ಹಾರ್ಮೋನುಗಳಲ್ಲೊಂದರ ಕೆಲಸ. ಇವನ ಮೈಯೊಳಗೆ ಅಡಗಿದ್ದ ಹಳೆಯ ಕ್ಷಯರೋಗ ಆ ಗ್ರಂಥಿಗಳನ್ನೇ ತಿಂದುಹಾಕಿದೆ, ಉಪ್ಪೆಲ್ಲ ಮೂತ್ರದಲ್ಲಿ ಹರಿದುಹೋಗುತ್ತಿದೆ. ಜಿಡ್ಡು ತಾನೇ, ದಿನಾ ತುಪ್ಪ ಸುರಿಯುತ್ತೇನೆ ಎಂದಳು ಮೂಕಮ್ಮ. ಆ ಜಿಡ್ಡನ್ನು ಮೈಯೇ ಮಾಡಿಕೊಳ್ಳುತ್ತದಮ್ಮ, ಅದಕ್ಕೆ ಬರವಿಲ್ಲ, ಕೆಟ್ಟಿರುವುದು ಆ ಗ್ರಂಥಿಯೆಂಬ ಗಾಣ ಎಂದರು ಅವರು. ಇನ್ನು ಬದುಕಿರುವವರೆಗೂ ಮಾತ್ರೆ ನುಂಗಬೇಕು, ಉಪ್ಪನ್ನು ಧಾರಾಳವಾಗಿ ತಿನ್ನಬೇಕು. ಇಷ್ಟು ದಿನ ಇವನು ಹೇಗೆ ಉಳಿದ ಎನ್ನುವುದೇ ಅವರಿಗೆ ಸೋಜಿಗ. ನಾನು ಕೊಟ್ಟಿಗೆಯ ಕತೆ ಹೇಳಿದೆ. ಅವರು ನಗಲಿಲ್ಲ. ಆ ಉಪ್ಪೇ ಇವನನ್ನು ಉಳಿಸಿದ್ದು ಎಂದರು.

ಮೂಕಮ್ಮ ಮಂಚದ ಹತ್ತಿರ ಹೋಗಿ, "ಕಾವಲು ಕಾದು ಕಾದು ನಾನೇ ನಿಮ್ಮನ್ನ ಕೊಲ್ತಿದ್ನಲ್ರೀ," ಎಂದು ಬಿಕ್ಕಿದಳು.

ಹುಚ್ಚರಾಯಪ್ಪ ಕಣ್ಣು ಬಿಟ್ಟ. "ಅಳಬ್ಯಾಡ್ವೇ. ನಂಗೆ ಮಾತ್ರ ಏನ್ ಗೊತ್ತಿತ್ತು? ಬರೀ ಬಾಯಿ ಚಪಲ ಅಂತ ನಾಚ್ಕೊಂಡೇ ತಿಂತಿದ್ದೆ."

ಮೂಕಮ್ಮ ಸೆರಗಿನಿಂದ ಅವನ ಮುಖ ಒರೆಸಿದಳು. ಮದುವೆಯಾದ ಮೇಲೆ ಅವತ್ತೇ ಮೊದಲ ಸಲ, ನಿಮಗೆ ಏನು ತಿನ್ನಬೇಕು ಅನ್ನಿಸುತ್ತದೆ ಎಂದು ಗಂಡನನ್ನು ಕೇಳಿದಳು.