ಆರನೇ ತಿಂಗಳ ರವಿಕೆ

ಹಿಂದೂಪುರದ ನಮ್ಮ ಟೈಲರ್ ಅಂಗಡೀಲಿ ಹೆಂಗಸರ ಅಳತೆ ತೆಗೆಯೋದು ನನ್ನ ಹೆಂಡತಿ, ಬರೆದುಕೊಂಡು ಹೊಲಿಯೋದು ನಾನು. ಮೊನ್ನೆ ಕಲ್ಯಾಣದುರ್ಗದಿಂದ ಬಂದ ಆರು ತಿಂಗಳ ಬಸುರಿಯೊಬ್ಬಳು ಎರಡು ರವಿಕೆ ತಂದು ಮೇಜಿನ ಮೇಲೆ ಎಸೆದಳು.

"ತಿಂಗಳ ಹಿಂದೆ ಇಲ್ಲೇ ಹೊಲಿಸಿದ್ದು, ಈಗ ಹುಕ್ಕೇ ಹಾಕಕ್ಕಾಗಲ್ಲ. ಬಟ್ಟೆ ಉಳಿಸ್ಕಂಡ್ರೇನಣ್ಣಾ?"

ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಬಟ್ಟೆಗಳ್ಳ ಅಂದಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಬೆಚ್ಚಿ ಎದೆ ನೋಡಿಕೊಂಡಳು. ತೊಟ್ಟಿದ್ದ ರವಿಕೆ ಎರಡೂ ಕಡೆ ಒದ್ದೆಯಾಗಿತ್ತು.

"ಅಯ್ಯೋ ದೇವುಡಾ, ಹಾಲು! ಹೆರಿಗೆಗೆ ಇನ್ನೂ ಮೂರು ತಿಂಗಳೈತೆ. ಮಗೀಗೇನಾದ್ರೂ ಆಯ್ತಾ?"

ನಾನು ಆಸ್ಪತ್ರೆಗೆ ಆಟೋ ಕರೆಯಲು ಎದ್ದೇಬಿಟ್ಟೆ.

ಹೆಂಡತಿ ಮಾತ್ರ ಅಲ್ಲಾಡಲಿಲ್ಲ. "ಗಾಬರಿ ಬ್ಯಾಡ ಕಣಮ್ಮ. ಎದೆ ತುಂಬ್ಕಂತೈತೆ, ಅದಕ್ಕೇ ರವಿಕೆ ಬಿಗಿ. ಕೆಲವರಿಗೆ ಈಗ್ಲೇ ಒಂಚೂರು ಹಾಲು ಜಿನುಗ್ತದೆ. ಹಿಂಡಬ್ಯಾಡ, ಮೆತ್ತನೆ ಬಟ್ಟೆ ಮಡಚಿ ಇಟ್ಕೋ. ರಕ್ತ ಕಂಡ್ರೆ ಮಾತ್ರ ಡಾಕ್ಟ್ರ ಹತ್ರ ಓಡು."

"ನಿಂಗೆಂಗೆ ಗೊತ್ತೇ ಇದೆಲ್ಲ?" ಅಂದೆ.

"ನಂಗೂ ಬಸುರಿದ್ದಾಗ ಹಿಂಗೇ ಆಗಿತ್ತಲ್ಲ. ಮೈಮೇಲೆ ನೀರು ಚೆಲ್ಕಂಡಿದ್ದೀಯ ಅಂತ ಬೈದೋರು ನೀವೇ ಅಲ್ವಾ?"

ನಾನು ತಲೆ ತಗ್ಗಿಸಿ ರವಿಕೆಯ ಪಕ್ಕದ ಹೊಲಿಗೆ ಬಿಚ್ಚಿದೆ. ಬಟ್ಟೆ ಎಲ್ಲೂ ಹೋಗಿರಲಿಲ್ಲ, ಒಳಗೇ ಎರಡಿಂಚು ಬಿಟ್ಟಿದ್ದೆ. ಅರ್ಧ ಊರಿನ ಹೆಂಗಸರ ಅಳತೆ ನನ್ನ ಪುಸ್ತಕದಲ್ಲಿದೆ. ಹುಡುಕಿ ನೋಡಿದೆ, ಹೆಂಡತಿಯದು ಮಾತ್ರ ಇಲ್ಲ.