ಎರಡು ಆಂಪ್ಸ್ ಪಾಲು

ಗುಜರಿ ವ್ಯಾಪಾರದಲ್ಲಿ ಮಾಲು ಬಂದ ಕೂಡಲೇ ನೋಡುವುದು ಎರಡೇ: ಮೇಲಿನ ತೂಕ ಎಷ್ಟು, ಒಳಗೆ ತಾಮ್ರ ಎಷ್ಟು. ಆ ಕಣ್ಣಿನಿಂದ ಈ ಹೆಂಗಸನ್ನು ನೋಡಿದರೆ ತೂಕ ಅಂತ ಏನೂ ಇಲ್ಲ. ಗಾಳಿ ಜೋರಾಗಿ ಬೀಸಿದರೆ ಕೊಡೆಯ ಜೊತೆಗೇ ಹೋಗಿಬಿಡುವಂಥ ಮೈ. ವಯಸ್ಸು ನಲವತ್ತರ ಆಚೆ. ಕನ್ನಡಕದ ಒಂದು ಕಾಲಿಗೆ ಕರಿ ಟೇಪು ಸುತ್ತಿದೆ. ನಗು ಸ್ಟಾಕಿನಲ್ಲಿಲ್ಲ. ನಾಲಿಗೆ ಮಾತ್ರ ಎಷ್ಟು ಬಳಸಿದರೂ ಸವೆಯದ ಮಾಲು. ಮಾತೆಲ್ಲ ಕಡ್ಡಿ ಮುರಿದ ಹಾಗಾದ್ದರಿಂದ ಮನೆಯಲ್ಲೂ ಬೀದಿಯಲ್ಲೂ ಅವಳಿಗೆ ಕಡ್ಡಿ ಎಂದೇ ಹೆಸರು. ಇದನ್ನು ಬರೆಯುತ್ತಿರುವ ಗುಜರಿಯವನು ಮೊದಲ ನೋಟಕ್ಕೆ ಕಟ್ಟಿದ ಬೆಲೆ ಕಡಿಮೆಯೇ. ತಾಮ್ರದ ವಿಷಯ ಬಿಚ್ಚಿ ನೋಡದೆ ಹೇಳಲಾಗದು, ಬಿಚ್ಚಲು ಹೋದವರ ಕೈ ಕೊಯ್ದದ್ದುಂಟು.

ಕಡ್ಡಿಯ ಅಪ್ಪನದು ಟೈಪಿಂಗ್ ಮತ್ತು ಪ್ರಿಂಟಿಂಗ್ ಅಂಗಡಿ. ಬೀದಿಗೆ ತೆರೆದುಕೊಂಡ ದೊಡ್ಡ ಕೋಣೆ, ಅದರ ಹಿಂದೆ ಕಾಗದದ ಕಟ್ಟು ಒಟ್ಟುವ ಸಣ್ಣ ಕೋಣೆ. ಅಪ್ಪ ತೀರಿಕೊಂಡಾಗ ಅಂಗಡಿ ಅಣ್ಣನಿಗೆ ಎಂದು ಎಲ್ಲರೂ ಮನಸ್ಸಿನಲ್ಲೇ ಬರೆದುಕೊಟ್ಟಿದ್ದರು. ಅಪ್ಪನ ಜೊತೆ ಇಪ್ಪತ್ತು ವರ್ಷ ಕೀಲಿಮಣೆ ಒತ್ತಿದವಳು ಕಡ್ಡಿ. ಅವಳು ಪಾಲು ಕೇಳಿದಳು. ಅತ್ತಿಗೆ ಮೂಗು ಮುರಿದಳು. ಅಣ್ಣ ಒಂದು ವಾರ ಊಟದ ತಟ್ಟೆ ತಳ್ಳಿ ಎದ್ದ. ಕೊನೆಗೆ ಅಮ್ಮನ ಎದುರು ಮಾತಾಯಿತು.

"ಹನ್ನೆರಡು ಕಂಪ್ಯೂಟರ್ ಇದೆ. ಆರು ನಂಗೆ, ಆರು ನಿಂಗೆ. ಲೆಕ್ಕ ಅಂದ್ರೆ ಲೆಕ್ಕ," ಎಂದ ಅಣ್ಣ.

ಲೆಕ್ಕ ಸರಿಯೇ ಇತ್ತು. ಅವನ ಆರು ಹಿಂದಿನ ವರ್ಷ ತಂದವು. ಇವಳ ಆರು ಅಪ್ಪನ ಕಾಲದ ಡಬ್ಬಗಳು, ಒಂದೊಂದಕ್ಕೂ ಗಡಿಗೆಯಂಥ ಹೊಟ್ಟೆಯ ಮಾನಿಟರು. ಹಿಂದಿನ ಕೋಣೆಯೂ ಇವಳಿಗೇ ಬಂತು, ಒಂದು ಷರತ್ತಿನ ಮೇಲೆ. ಅದನ್ನು ಹಾಕಿದವಳು ಅಮ್ಮ: "ಒಂದು ವರ್ಷ ನಡೆಸಿ ತೋರಿಸ್ಲಿ. ನಡೆದ್ರೆ ಕೋಣೆ ಅವಳ ಹೆಸರಿಗೆ. ಬಾಗಿಲು ಮುಚ್ಚಿದ್ರೆ ನಿಂಗೆ."

"ಕರೆಂಟು?" ಎಂದಳು ಕಡ್ಡಿ.

"ಒಂದು ಲೈನ್ ಕೊಡ್ತೀನಿ. ನಾನೇನು ರಾಕ್ಷಸನಾ?"

ಕೊಟ್ಟ. ಆದರೆ ಆ ಲೈನಿಗೆ ತನ್ನ ಕಡೆಯ ಗೋಡೆಯಲ್ಲಿ, ತನ್ನ ಗಲ್ಲಾಪೆಟ್ಟಿಗೆಯ ತಲೆಯ ಮೇಲೆಯೇ, ಎರಡು ಆಂಪ್ಸಿನ ಟ್ರಿಪ್ಪರ್ ಕೂರಿಸಿದ. ಅದಕ್ಕಿಂತ ಹೆಚ್ಚು ಕರೆಂಟು ಎಳೆದರೆ ಟಕ್ಕನೆ ಬೀಳುವ ಸ್ವಿಚ್ಚು ಅದು. ಎರಡು ಡಬ್ಬ ಹಚ್ಚಿದರೆ ಸುಮ್ಮನಿರುತ್ತಿತ್ತು, ಮೂರನೆಯದಕ್ಕೆ ಬೀಳುತ್ತಿತ್ತು. ಲೇಸರ್ ಪ್ರಿಂಟರ್ ಬಿಸಿಯಾಗಲು ಶುರುವಾದರೆ ಸಾಕು, ಹಿಂದಿನ ಕೋಣೆಯೆಲ್ಲ ಕತ್ತಲು.

ಬಿದ್ದದ್ದನ್ನು ಎತ್ತಬೇಕಾದವನೂ ಅವನೇ. "ಅಣ್ಣಾ, ಸ್ವಿಚ್ ಎತ್ತು," ಎಂದು ಇವಳು ಹಿಂದಿನಿಂದ ಕೂಗಬೇಕು. "ಚಹಾ ಕುಡೀತಿದೀನಿ," ಎನ್ನುವನು. ಚಹಾ ಮುಗಿದರೆ ಫೋನು, ಫೋನು ಮುಗಿದರೆ ಗಿರಾಕಿ. ಅಷ್ಟರಲ್ಲಿ ಇವಳ ಗಿರಾಕಿಯ ಅರ್ಧ ಟೈಪಾದ ಅರ್ಜಿ ಕತ್ತಲಲ್ಲಿ ಕರಗಿ, ಗಿರಾಕಿ ಎದ್ದು, ಬೀದಿಗೆ ಹೋಗುವ ದಾರಿ ಅಣ್ಣನ ಅಂಗಡಿಯ ಮೂಲಕವೇ ಆದ್ದರಿಂದ, ಅಲ್ಲೇ ಕುರ್ಚಿ ಎಳೆದುಕೊಂಡು ಕೂತಿರುತ್ತಿದ್ದ. ತಂಗಿಯ ಬಾಯಲ್ಲಿ ಆ 'ಅಣ್ಣಾ' ಎಂಬ ಕೂಗು ಕೇಳಿದಾಗೆಲ್ಲ ಅವನ ಮುಖ ಅರಳುತ್ತಿತ್ತು. ಕಡ್ಡಿ ಹಲ್ಲು ಕಚ್ಚುತ್ತಿದ್ದಳು. ದೊಡ್ಡ ಲೈನ್ ಕೊಡು ಎಂದು ಬೇಡುವುದಕ್ಕಿಂತ ಆ ಡಬ್ಬಗಳನ್ನು ತಲೆಯ ಮೇಲೆ ಹೊತ್ತು ತಿರುಗುವುದೇ ಮೇಲು ಅನ್ನಿಸಿತು ಅವಳಿಗೆ.

ತಲೆಯ ಮೇಲಲ್ಲ, ತಳ್ಳುಗಾಡಿಯಲ್ಲಿ ಹೇರಿಕೊಂಡು ಗುಜರಿಗೆ ಬಂದಳು. ಗುಜರಿಯವನು ತಕ್ಕಡಿ ಎಳೆದುಕೊಂಡ. ಅವಳ ಕಣ್ಣು ಮೂಲೆಯ ರಾಶಿಯ ಮೇಲಿತ್ತು: ಯಾವುದೋ ಕಂಪನಿ ತನ್ನ ಮಾರಾಟದ ಹುಡುಗರಿಂದ ವಾಪಸು ಪಡೆದು ಎಸೆದ, ಅಂಗೈ ಅಗಲದ ಹಳೆ ಲ್ಯಾಪ್‌ಟಾಪುಗಳು.

"ಇವು ಆನ್ ಆಗತ್ತಾ?"

"ಆಗತ್ತೆ ಅಕ್ಕಾ. ಪೂರ್ತಿ ಆನ್ ಆಗೋಷ್ಟ್ರಲ್ಲಿ ನಿಮ್ಗೆ ಮೊಮ್ಮಕ್ಕಳಾಗಿರ್ತಾರೆ. ಬ್ಯಾಟರಿನೂ ಸತ್ತಿದೆ."

"ಬ್ಯಾಟರಿ ನಾನು ಕೇಳಿದ್ನಾ? ಎಷ್ಟು ಕರೆಂಟ್ ಕುಡಿಯತ್ತೆ?"

"ಹನ್ನೆರಡು ವ್ಯಾಟೋ ಏನೋ. ಬಡಪಾಯಿಗಳು, ಬಲ್ಬಿನಷ್ಟೂ ತಿನ್ನಲ್ಲ."

ಆಗ ಅವಳ ಕಣ್ಣಿನಲ್ಲಿ ಒಂದು ಲೆಕ್ಕ ಓಡಿದ್ದು ಗುಜರಿಯವನಿಗೆ ಕಂಡಿತು, ತಿಳಿಯಲಿಲ್ಲ. ಆರು ಡಬ್ಬ, ಆರು ಗಡಿಗೆ ಮಾನಿಟರು ಕೊಟ್ಟು ಏಳು ಸಣ್ಣವನ್ನು ಕೊಂಡಳು, ಏಳನೆಯದು ಬಿಡಿಭಾಗಕ್ಕೆ. "ಮೋಸ ಮಾಡಿದ್ರೆ ನಾಳೆ ಬಂದು ಈ ತಕ್ಕಡಿನೇ ತೂಕಕ್ಕೆ ಹಾಕ್ತೀನಿ," ಎಂದು ಹೇಳಿ ಗಾಡಿ ತಿರುಗಿಸಿದಳು.

ಆ ಯಂತ್ರಗಳಲ್ಲಿ ಮೊದಲಿದ್ದ ವಿಂಡೋಸ್ ಅವುಗಳ ಮೈಗೆ ಭಾರ. ಬದಲಿಗೆ ಲಿನಕ್ಸ್ ಹಾಕಬೇಕು, ಅದು ಪುಕ್ಕಟೆ, ಅದರಲ್ಲಿ ಹಳೆಯವಕ್ಕೆಂದೇ ಹಗುರವಾದ ಬಗೆಗಳಿವೆ ಎಂದು ಅವಳು ಫೋನಿನಲ್ಲಿ ಓದಿದ್ದಳು. ಓದಿದಷ್ಟು ಸುಲಭಕ್ಕೆ ಆಗಲಿಲ್ಲ. ಮೊದಲು ಹಾಕಿದ್ದನ್ನು ಚಿತ್ರದಲ್ಲಿ ಚಂದ ಕಂಡಿತೆಂದು ಆರಿಸಿದ್ದಳು. ಕಿಟಕಿಗಳು ತೇಲುತ್ತ ಬರುವ ಶೋಕಿಯ ಲಿನಕ್ಸ್, ಬಂದು ಅರ್ಧ ದಾರಿಯಲ್ಲೇ ಉಸಿರುಗಟ್ಟಿ ನಿಂತಿತು. ಎರಡನೆಯದನ್ನು ಯಂತ್ರ ಒಳಗೇ ಬಿಟ್ಟುಕೊಳ್ಳಲಿಲ್ಲ. ಅದು ಅರವತ್ತನಾಲ್ಕು ಬಿಟ್ಟಿನ ಹೊಸ ಯಂತ್ರಗಳಿಗೆಂದು ಮಾಡಿದ್ದು, ಇವು ಮೂವತ್ತೆರಡು ಬಿಟ್ಟಿನ ಹಳೆ ತಲೆಮಾರು. ಕಪ್ಪು ಪರದೆಯ ಮೇಲೆ ಒಂದು ಸಾಲು ಬರೆದು ಕೈ ಎತ್ತಿತು. ಅವಳು ಯಂತ್ರಕ್ಕೆ ಬೈದಳು, ಪೆನ್‌ಡ್ರೈವಿಗೆ ಬೈದಳು, ಬಾಗಿಲಲ್ಲಿ ಇಣುಕಿದ ಅತ್ತಿಗೆಗೂ ಬೈದಳು.

"ಏನಮ್ಮಾ, ಆಟದ ಸಾಮಾನು ತಂದಿದೀಯಂತೆ?" ಎಂದಿದ್ದಳು ಅತ್ತಿಗೆ.

"ಹೌದು, ಆಟ ನೋಡೋಕೆ ಟಿಕೆಟ್ ತಗೊಂಡು ಬಾ."

ಮೂರನೆಯದು ಕೂತಿತು. ನೋಡಲು ಬೋಳು ಬೋಳು: ಕೆಳಗೊಂದು ಪಟ್ಟಿ, ಹಿಂದೆ ಬೂದು ಬಣ್ಣ, ಬೇಕಾದಷ್ಟೇ ಕೆಲಸ. ಆ ಯಂತ್ರಗಳಿಗೆ ಇದ್ದ ಉಸಿರಿನಲ್ಲೇ ಸಂಸಾರ ಮಾಡುವ ಜಾತಿ ಅದು. ಸಾಹಸ ಮಾಡಿಸಿದರೆ ಬಳಲುತ್ತಿತ್ತು. ಇಂಟರ್ನೆಟ್ಟಿನಲ್ಲಿ ಮೂರು ಪುಟ ಒಟ್ಟಿಗೆ ತೆರೆದರೆ ಏದುಸಿರು, ವಿಡಿಯೋ ಅಂತೂ ತೂಕಡಿಸುತ್ತಲೇ ಓಡುತ್ತಿತ್ತು. ಆದ್ದರಿಂದ ಕಡ್ಡಿ ಗೋಡೆಗೆ ಬರೆದು ಅಂಟಿಸಿದಳು: "ಒಂದು ಪುಟ ಮುಚ್ಚಿ ಇನ್ನೊಂದು ತೆರೆಯಿರಿ. ಹಾಡು ಕೇಳಬೇಕಾದವರು ಮನೆಗೆ ಹೋಗಿ." ಲೇಸರ್ ಬಿಟ್ಟು ಶಾಯಿಯ ಪ್ರಿಂಟರ್ ಇಟ್ಟಳು. ಅದು ನಿಧಾನ, ಆದರೆ ಬಿಸಿಯಾಗುವ ಗೋಜಿಲ್ಲ. ಆರೂ ಯಂತ್ರ ಒಟ್ಟಿಗೆ ಹಚ್ಚಿದ ಮೊದಲ ಬೆಳಿಗ್ಗೆ, ಕೊನೆಯ ಸ್ವಿಚ್ಚಿನ ಮೇಲೆ ಬೆರಳಿಟ್ಟು ಅವಳು ಕಣ್ಣು ಮುಚ್ಚಿಕೊಂಡಳು. ಟಕ್ ಎನ್ನಲಿಲ್ಲ.

ಅವಳು ಗಿರಾಕಿಗಳನ್ನೂ ಬೈಯುತ್ತಲೇ ಸಾಕಿದಳು. "ಕೀಲಿ ಒತ್ತೋದು, ಗುದ್ದೋದಲ್ಲ!" ಆದರೂ ಬರುತ್ತಿದ್ದರು, ಏಕೆಂದರೆ ಅವಳು ಟೈಪು ಮಾಡಿದ ಅರ್ಜಿ ತಪ್ಪಿದೆಯೆಂದು ಎಲ್ಲಿಂದಲೂ ವಾಪಸು ಬರುತ್ತಿರಲಿಲ್ಲ.

ತಳಮಳ ಶುರುವಾದದ್ದು ಅಣ್ಣನಿಗೆ. ವಾರಗಟ್ಟಲೆ 'ಅಣ್ಣಾ' ಎಂಬ ಕೂಗಿಲ್ಲ. ತಲೆಯ ಮೇಲಿನ ಸ್ವಿಚ್ಚು ಬೀಳುವುದಿಲ್ಲ. ಹಿಂದೆ ಆರೂ ಪರದೆ ಬೆಳಗುತ್ತಿವೆ. ಅವನ ತಲೆಯಲ್ಲಿ ಕಂಪ್ಯೂಟರ್ ಎಂದರೆ ಇಷ್ಟು ಕರೆಂಟು ಎಂಬುದು ಅಪ್ಪನ ಡಬ್ಬದ ಕಾಲಕ್ಕೇ ನಿಂತುಹೋಗಿತ್ತು. ವರ್ಷ ತುಂಬಲು ಸ್ವಲ್ಪವೇ ಉಳಿದಿರುವಾಗ ಅಮ್ಮನ ಹತ್ತಿರ ಹೋದ.

"ಕದೀತಿದಾಳೆ. ಬೀದಿ ಕಂಬದಿಂದ ಎಳ್ಕೊಂಡಿದಾಳೆ. ಅಪ್ಪನ ಹೆಸರು ಹಾಳು ಮಾಡ್ತಾಳೆ ನೋಡು."

"ಕದ್ದಿದ್ದು ನಿಜ ಆದ್ರೆ ಇವತ್ತೇ ಖಾಲಿ ಮಾಡ್ಲಿ," ಎಂದಳು ಅಮ್ಮ. ಮಗಳ ಮುಖ ನೋಡಲಿಲ್ಲ. ಅದು ಕಡ್ಡಿಗೆ ಅಣ್ಣನ ಮಾತಿಗಿಂತ ಆಳಕ್ಕೆ ಇಳಿಯಿತು.

ಅಣ್ಣ ಎಲೆಕ್ಟ್ರಿಷಿಯನ್ನನ್ನು ಕರೆಸಿದ. ಅಂಗಡಿಯ ತುಂಬ ಜನ. ಶಾಯಿಯ ಖಾಲಿ ಡಬ್ಬಿ ಒಯ್ಯಲು ಬಂದಿದ್ದ ಗುಜರಿಯವನೂ ಇದ್ದ, ಜಗಳ ಬಿಟ್ಟಿಯಾಗಿ ಸಿಗುವಾಗ ಹೋಗುವವನಲ್ಲ. ಎಲೆಕ್ಟ್ರಿಷಿಯನ್ ಹಿಂದಿನ ಕೋಣೆಯ ಗೋಡೆಗಳನ್ನು, ಮಾಡನ್ನು, ಹಿಂದಿನ ಕಿರುದಾರಿಗೆ ತೆರೆಯುವ ಬಾಗಿಲನ್ನು ತಡಕಿದ. ಕಳ್ಳ ತಂತಿ ಇರಲಿಲ್ಲ. ಆಮೇಲೆ ಆರೂ ಯಂತ್ರ ಓಡುತ್ತಿರುವಾಗಲೇ ಟ್ರಿಪ್ಪರಿನ ತಂತಿಗೆ ಇಕ್ಕಳದಂಥ ಮೀಟರ್ ಕಚ್ಚಿಸಿದ. ನೋಡಿದ. ತೆಗೆದು ಒರೆಸಿ ಮತ್ತೆ ಕಚ್ಚಿಸಿದ.

"ಅರ್ಧ ಆಂಪ್ಸೂ ಇಲ್ಲ."

"ಮೀಟರ್ ಕೆಟ್ಟಿದೆ," ಎಂದ ಅಣ್ಣ.

ಎಲೆಕ್ಟ್ರಿಷಿಯನ್ನನಿಗೆ ಅದು ಚುಚ್ಚಿತು. ಕುರ್ಚಿ ಎಳೆದು ಹತ್ತಿ, ಅಣ್ಣನ ಅಂಗಡಿಯ ಹೆಸರಿನ ಬೋರ್ಡಿಗೆ ಹೋಗುವ ತಂತಿಗೆ ಮೀಟರ್ ಹಿಡಿದ. ಬೋರ್ಡಿನಲ್ಲಿ ಹಗಲಲ್ಲೂ ಉರಿಯುವ ಎಂಟು ಟ್ಯೂಬ್‌ಲೈಟು.

"ನಿಮ್ಮ ಹೆಸರು ಓದಿಸೋಕೆ ಹೋಗೋ ಕರೆಂಟಲ್ಲಿ ಅವರ ಅಂಗಡಿ ಮೂರು ನಡೆಯತ್ತೆ ಸಾಹುಕಾರ್ರೇ."

ಜನ ನಕ್ಕರು. ಅಣ್ಣನ ಕಿವಿ ಕೆಂಪಾಯಿತು. "ಎಲ್ಲ ಸೇರ್ಕೊಂಡು ನಾಟಕ ಆಡ್ತಿದೀರಾ? ಎರಡು ಆಂಪ್ಸ್ ಕೊಟ್ಟು ಸಾಕಿದ್ದು ನಾನು ಕಣೇ!"

"ಎರಡರಲ್ಲಿ ಒಂದೂವರೆ ಹಾಗೇ ಇದೆ ಅಣ್ಣಾ," ಎಂದಳು ಕಡ್ಡಿ. ಬಹಳ ದಿನಕ್ಕೆ ಅವನಿಗೆ ಸಿಕ್ಕ 'ಅಣ್ಣಾ' ಅದು. "ತಗೊಂಡು ಇನ್ನೆರಡು ಟ್ಯೂಬ್ ಹಾಕ್ಸು."

ವರ್ಷ ತುಂಬಿದ ಮೇಲೆ ಕೋಣೆ ಅವಳ ಹೆಸರಿಗಾಯಿತು. ಅಮ್ಮ ಆಡಿದ ಮಾತಿನಂತೆ ನಡೆದುಕೊಂಡಳು, ಕ್ಷಮಿಸು ಎನ್ನಲಿಲ್ಲ; ಕಡ್ಡಿ ಕೇಳಲೂ ಇಲ್ಲ. ಅಣ್ಣ ನಡುವೆ ಪ್ಲೈವುಡ್ ಹೊಡೆಸಿ ದಾರಿ ಮುಚ್ಚಿದ. ಇವಳ ಗಿರಾಕಿಗಳು ಈಗ ಹಿಂದಿನ ಕಿರುದಾರಿಯಲ್ಲಿ, ಕಸದ ತೊಟ್ಟಿಗಳ ಪಕ್ಕ ಮೂಗು ಮುಚ್ಚಿಕೊಂಡು ಬರುತ್ತಾರೆ. ಅಣ್ಣ ತಂಗಿ ಮಾತಾಡುವುದಿಲ್ಲ. ಬೋರ್ಡಿನ ಎಂಟೂ ಟ್ಯೂಬು ಹಗಲಲ್ಲಿ ಈಗಲೂ ಉರಿಯುತ್ತವೆ, ಹಟಕ್ಕೆ.

ಇದನ್ನು ಬರೆದ ಗುಜರಿಯವನ ಗೋದಾಮಿನಲ್ಲಿ ಹಳೆ ಕಂಪ್ಯೂಟರನ್ನು ಒಡೆಯುವ ಮೊದಲು ಈಗ ಆ ಬೋಳು ಲಿನಕ್ಸ್ ತುಂಬಿದ ಒಂದು ಪೆನ್‌ಡ್ರೈವ್ ಚುಚ್ಚಿ ನೋಡುತ್ತಾರೆ. ಎದ್ದದ್ದು ಯಂತ್ರವಾಗಿ ಮಾರಾಟ, ಏಳದ್ದು ತೂಕಕ್ಕೆ. ಆ ಪೆನ್‌ಡ್ರೈವ್ ಕಡ್ಡಿ ಕೊಟ್ಟದ್ದು. ಅದನ್ನು ಬಳಸಲು ಕಲಿಸಿದವಳೂ ಅವಳೇ, ಬೈದುಕೊಂಡು. ಈ ವ್ಯಾಪಾರದ ಮಟ್ಟಿಗೆ ಅವನು ಅವಳಿಗೆ ಋಣಿ.